ಮಡ್ಡಿ ಬರಿದಲ್ಲ

ಮಕ್ಕಳೇ, ನಿಮ್ಮ ಊರಿನ ಹೊರಗೆ ಒಂದು ಮಡ್ಡಿ ಇದೆಯಲ್ಲವೇ? ಕಪ್ಪು ಎರೆಹೊಲಗಳು ಮುಗಿದು ಕಲ್ಲುನೆಲ ಶುರುವಾಗುವ ಜಾಗ. ಅಲ್ಲಿ ಬಾವಿ ಇಲ್ಲ, ಬೆಳೆ ಇಲ್ಲ, ದೊಡ್ಡ ಮರವೂ ಇಲ್ಲ. ಮಳೆಗಾಲದಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆಯುತ್ತದೆ. ದೀಪಾವಳಿ ದಾಟಿತೆಂದರೆ ಆ ಹುಲ್ಲು ಒಣಗಿ ಹಳದಿಯಾಗುತ್ತದೆ. ಕುರಿಯವರು ಮಂದೆಯೊಡನೆ ಬಂದು ಹೋಗುತ್ತಾರೆ. ಮರಾಠಿಯಲ್ಲಿ ಇದನ್ನು ಮಾಳರಾನ ಎನ್ನುತ್ತಾರೆ. ಸೋಲಾಪುರ, ಅಕ್ಕಲಕೋಟೆ, ಮಂಗಳವೇಢೆ, ಜತ್ತ ಈ ಕಡೆಯ ಯಾವ ದಾರಿಯಲ್ಲಿ ಹೋದರೂ ಇಂಥ ಮಡ್ಡಿ ಕಣ್ಣಿಗೆ ಬೀಳುತ್ತದೆ.

ಅಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುವಿರಿ? "ಏನೂ ಇಲ್ಲ, ಬರೀ ಹುಲ್ಲು" ಎನ್ನುವಿರಿ. ನಾನೂ ಬಹಳ ವರ್ಷ ಹಾಗೆಯೇ ಹೇಳುತ್ತಿದ್ದೆ. ನಾನು ಶಾಲೆಯ ಗುರುಜಿ. ಮಕ್ಕಳ ವನ್ಯಜೀವಿ ಮಂಡಳವನ್ನು ನಡೆಸಿದವನು. ಹಾಗಿದ್ದೂ ನನಗೆ ಮಡ್ಡಿಯ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಾನು ಮಾಡಿದ ಒಂದು ತಪ್ಪನ್ನು ಮೊದಲು ನಿಮಗೆ ಹೇಳುತ್ತೇನೆ.

ನಮ್ಮ ದೇಶದಲ್ಲಿ 2001-02ರ ಸುಮಾರಿಗೆ ಶಾಲೆಗಳಲ್ಲಿ ಪರಿಸರ ಮಂಡಳಗಳನ್ನು ಕಟ್ಟುವ ಯೋಜನೆ ಬಂದಿತು. ಮಹಾರಾಷ್ಟ್ರದಲ್ಲಿ ಅದಕ್ಕೆ ರಾಷ್ಟ್ರೀಯ ಹರಿತ ಸೇನಾ ಎಂದು ಹೆಸರು. ನಮ್ಮ ಶಾಲೆಯಲ್ಲಿಯೂ ಮಂಡಳ ಶುರುವಾಯಿತು. ಮಂಡಳವೆಂದ ಮೇಲೆ ಏನಾದರೂ ಮಾಡಿ ತೋರಿಸಬೇಕಲ್ಲ! ಒಂದು ಜುಲೈ ತಿಂಗಳಲ್ಲಿ ನಾವು ಗುದ್ದಲಿ, ಸಲಿಕೆ ಹಿಡಿದು ಊರಿನ ಮಡ್ಡಿಗೆ ಹೋದೆವು. ನೂರು ಗುಂಡಿ ತೋಡಿದೆವು. ನೂರು ಸಸಿ ನೆಟ್ಟೆವು. ಹುಡುಗರ ಅಂಗೈಯಲ್ಲಿ ಬೊಕ್ಕೆ ಎದ್ದವು. ಆದರೂ ಎಲ್ಲರ ಮುಖದಲ್ಲಿ ನಗು ಇತ್ತು. ಫೋಟೋ ತೆಗೆಸಿಕೊಂಡೆವು.

ಕೆಲಸ ಮುಗಿಯುವ ಹೊತ್ತಿಗೆ ಕುರಿ ಕಾಯುವ ಮುದುಕಪ್ಪ ಒಬ್ಬರು ಬಂದು ನಿಂತರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ಗುರೂಜಿ, ಇಲ್ಲಿ ಗಿಡಾ ಯಾಕ ಹಚ್ಚಾಕತ್ತೀರಿ?" ಎಂದರು.

"ಅಜ್ಜಾ, ಜಾಗ ಖಾಲಿ ಬಿದ್ದೈತಲ್ಲರೀ, ಅದಕ್ಕ" ಎಂದೆ.

ಅಜ್ಜ ಏನೂ ಮಾತಾಡಲಿಲ್ಲ. ನನ್ನನ್ನು ಕರೆದು ಒಂದು ಗುಂಡಿಯ ಹತ್ತಿರ ಕೂರಿಸಿದರು. ಗುಂಡಿಯಿಂದ ಒಂದು ಗೇಣು ದೂರದಲ್ಲಿ ಹುಲ್ಲಿನ ಬುಡವನ್ನು ಕೋಲಿನಿಂದ ತೋರಿಸಿದರು. ಅಲ್ಲಿ ಅಂಗೈಯಷ್ಟು ತಗ್ಗು. ಅದರ ಸುತ್ತ ಸಣ್ಣ ಹರಳುಕಲ್ಲು ಜೋಡಿಸಿದ್ದವು. ತಗ್ಗಿನಲ್ಲಿ ಚುಕ್ಕೆ ಚುಕ್ಕೆಯ ಎರಡು ಮೊಟ್ಟೆ. ನೆಲಗುಬ್ಬಿಯ ಗೂಡು! ನಾವು ತೋಡಿ ಎಸೆದ ಮಣ್ಣು ಅರ್ಧ ಗೂಡನ್ನು ಮುಚ್ಚಿತ್ತು. "ಖಾಲಿ ಎಲ್ಲೈತ್ರೀ?" ಎಂದು ಅಜ್ಜ ಕೇಳಿದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಒಂದು ಗೂಡು ಕಣ್ಣಿಗೆ ಬಿತ್ತು. ಉಳಿದ ತೊಂಬತ್ತೊಂಬತ್ತು ಗುಂಡಿಗಳ ಕೆಳಗೆ, ಮಣ್ಣಿನ ಕೆಳಗೆ ಏನೇನು ಹೋಯಿತೋ ನಾವು ನೋಡಿಯೇ ಇರಲಿಲ್ಲ. ಸಸಿಗಳಾದರೂ ಉಳಿದವೇ? ಮುಂದಿನ ಬೇಸಿಗೆಯಲ್ಲಿ ನೀರಿಲ್ಲದೆ ಒಂದೊಂದಾಗಿ ಒಣಗಿದವು.

ಅಂದಿನಿಂದ ನನ್ನ ಅಭಿಪ್ರಾಯ ಬದಲಾಯಿತು. ವನ್ಯಜೀವಿ ಮಂಡಳದ ಮಕ್ಕಳು ಗುದ್ದಲಿ ಹಿಡಿಯುವ ಮೊದಲು ವಹಿ ಹಿಡಿಯಬೇಕು. ಒಂದು ಜಾಗಕ್ಕೆ ಒಳ್ಳೆಯದು ಮಾಡಬೇಕೆಂದರೆ ಅಲ್ಲಿ ಯಾರು ಇದ್ದಾರೆ ಎಂಬುದು ಮೊದಲು ಗೊತ್ತಾಗಬೇಕು. ಅದನ್ನು ತಿಳಿಯಲು ನಮ್ಮ ಕಡೆ ಚಳಿಗಾಲಕ್ಕಿಂತ ಒಳ್ಳೆಯ ಕಾಲವಿಲ್ಲ.

ಹುಲ್ಲುಗಾವಲನ್ನು ಬಂಜರು ಎಂದು ತಿಳಿದವರು ನಾವಷ್ಟೇ ಅಲ್ಲ. ದೊಡ್ಡವರೂ ತಿಳಿದಿದ್ದರು. ದೇಶದ ಬಂಜರು ಭೂಮಿಯ ನಕಾಶೆ ಪುಸ್ತಕ 2000ದಲ್ಲಿ ಮೊದಲ ಸಲ ಅಚ್ಚಾಯಿತು. ಅದರಲ್ಲಿ ಕುರುಚಲು ನೆಲ, ಮೇವಿನ ನೆಲಗಳೂ ಬಂಜರಿನ ಲೆಕ್ಕಕ್ಕೆ ಸೇರಿದವು. ಬಂಜರು ಎಂದ ಮೇಲೆ ಅದನ್ನು ಹಸಿರು ಮಾಡಲೇಬೇಕು ಎಂದು ಆಸೆಯಾಗುತ್ತದೆ. ದಖ್ಖನದ ಎಷ್ಟೋ ಮಡ್ಡಿಗಳಲ್ಲಿ ಸುಬಾಬುಲ್, ಗ್ಲಿರಿಸಿಡಿಯಾ ಗಿಡಗಳನ್ನು ಸಾಲು ಸಾಲಾಗಿ ಹಚ್ಚಿದರು. ದೂರದಿಂದ ನೋಡಿದವರಿಗೆ ಅಡವಿ ಬಂದಂತೆ ಕಾಣುತ್ತದೆ. ಆದರೆ ಅಲ್ಲಿದ್ದ ಪ್ರಾಣಿಗಳಿಗೆ ಮನೆ ಹೋದಂತಾಗುತ್ತದೆ.

ಹೇಗೆ ಎನ್ನುವಿರಾ? ಕೃಷ್ಣಮೃಗವನ್ನೇ ನೋಡಿರಿ. ಗಂಡು ಕೃಷ್ಣಮೃಗದ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೋಡು ತಿರುಚಿದ ಹಗ್ಗದ ಹಾಗೆ. ಅದಕ್ಕೆ ಅಡಗಿ ಕೂರುವುದು ಗೊತ್ತಿಲ್ಲ. ದೂರದಿಂದಲೇ ತೋಳವನ್ನು ಕಂಡು ಓಡುವುದು ಗೊತ್ತು. ತಾಸಿಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಕಣ್ಣು ಹಾಯಿಸಲು ಬಯಲು ಬೇಕು, ಓಡಲು ಬಯಲು ಬೇಕು. ಗಿಡಗಳು ದಟ್ಟವಾದರೆ ಅದರ ಕಣ್ಣಿಗೂ ಕಾಲಿಗೂ ಅಡ್ಡಿ. ನೆಲಗುಬ್ಬಿ, ಟಿಟ್ಟಿಭ, ಗೌಜುಗ ಇವೆಲ್ಲ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಹತ್ತಿರದಲ್ಲಿ ಮರ ಬಂದರೆ ಮರದ ಮೇಲೆ ಕಾಗೆ ಬರುತ್ತದೆ. ಕಾಗೆಗೆ ಮೇಲಿನಿಂದ ಮೊಟ್ಟೆ ಕಾಣುತ್ತದೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಈಗ ನಮ್ಮ ಜಿಲ್ಲೆಯ ಒಂದು ದೊಡ್ಡ ಹಕ್ಕಿಯ ಮಾತು. ಮರಾಠಿಯಲ್ಲಿ ಅದು ಮಾಳಢೋಕ. ಕನ್ನಡದಲ್ಲಿ ಎರಲಡ್ಡು, ಎರೆಭೂತ ಎಂಬ ಹೆಸರುಗಳಿವೆ. ಎರೆಭೂತ! ಎರೆನೆಲದ ಜೋಳದ ಹೊಲದಲ್ಲಿ, ಬೆಳಗಿನ ಮಂಜಿನಲ್ಲಿ, ಒಂದು ಮೀಟರ್ ಎತ್ತರದ ಹಕ್ಕಿ ಸದ್ದಿಲ್ಲದೆ ನಡೆದು ಹೋಗುವುದನ್ನು ಕಂಡವರು ಈ ಹೆಸರು ಇಟ್ಟಿರಬೇಕು. ಗಂಡು ಹಕ್ಕಿ ಹದಿನೈದು ಕಿಲೋವರೆಗೆ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲಿಯೇ ಕೆಲವು ಮಾತ್ರ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅದೂ ಬಯಲು ನೆಲದ ಮೇಲೆ.

ಈ ಹಕ್ಕಿಗಾಗಿಯೇ ಸೋಲಾಪುರದಿಂದ ಸುಮಾರು 20 ಕಿಲೋಮೀಟರ್ ದೂರದ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯ ಮಾಡಿದರು. ಕಾಗದದ ಮೇಲೆ ಅದು ಬಹಳ ದೊಡ್ಡದಾಗಿತ್ತು. ಸುಮಾರು 8,496 ಚದರ ಕಿಲೋಮೀಟರ್! ಅದರೊಳಗೆ ಊರುಗಳು, ಹೊಲಗಳು, ರಸ್ತೆಗಳು ಎಲ್ಲವೂ ಸೇರಿದ್ದವು. ರೈತರಿಗೆ ತಮ್ಮ ಹೊಲವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ತೊಂದರೆಯಾಯಿತು. ಹಕ್ಕಿಯ ಮೇಲೆ ಸಿಟ್ಟು ಬಂದಿತು. ಆಮೇಲೆ ಅಭಯಾರಣ್ಯವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟರಲ್ಲಿ ಹಕ್ಕಿಗಳು ಕಡಿಮೆಯಾಗಿಬಿಟ್ಟಿದ್ದವು. ಈಗ ನಾನ್ನಜದಲ್ಲಿ ಒಂದು ಮಾಳಢೋಕ ಕಂಡರೆ ಅದೇ ವರ್ತಮಾನ ಪತ್ರಿಕೆಯ ಸುದ್ದಿ. ಇಡೀ ಭಾರತದಲ್ಲಿ ಕಾಡಿನಲ್ಲಿ ಉಳಿದಿರುವುದು ಸುಮಾರು 150 ಎನ್ನುತ್ತಾರೆ. ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ ಕಡೆ ಇವೆ. ಅಲ್ಲಿ 2019ರಿಂದ ಮೊಟ್ಟೆಗಳನ್ನು ಕಾಪಾಡಿ ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ.

ಈ ಹಕ್ಕಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಎದುರಿಗೆ ನೇರವಾಗಿ ಚೆನ್ನಾಗಿ ಕಾಣುವುದಿಲ್ಲ. ಹಾರುವಾಗ ವಿದ್ಯುತ್ ತಂತಿ ಹತ್ತಿರ ಬಂದಾಗ ಮಾತ್ರ ತಿಳಿಯುತ್ತದೆ. ಮೈ ಭಾರ, ತಟ್ಟನೆ ತಿರುಗಲಾಗದು. ತಂತಿಗೆ ಬಡಿದು ಸಾಯುತ್ತದೆ. ಹುಲ್ಲುನೆಲ ಹೋಯಿತು, ಬೇಟೆಯಾಯಿತು, ನಾಯಿಗಳ ಕಾಟವಾಯಿತು, ಕೊನೆಗೆ ತಂತಿಯೂ ಬಂದಿತು.

ನಮ್ಮ ಅಜ್ಜನನ್ನು ನಾನು ಕೇಳಿದೆ, "ನಮ್ಮ ಮಡ್ಡ್ಯಾಗ ಮಾಳಢೋಕ ಇತ್ತೇನ್ರೀ?" "ಇತ್ತು. ಸಣ್ಣಾಂವಿದ್ದಾಗ ನೋಡೇನಿ" ಎಂದರು. ಎಷ್ಟು ಇದ್ದವು? ಯಾವ ವರ್ಷ ಕೊನೆಗೆ ಕಂಡಿತು? ಅಜ್ಜನಿಗೆ ನೆನಪಿಲ್ಲ. ಊರಿನಲ್ಲಿ ಯಾರಿಗೂ ನೆನಪಿಲ್ಲ. ಶಾಲೆಯಲ್ಲಿ ನೂರು ವರ್ಷದ ಹಾಜರಿ ಪಟ್ಟಿ ಇದೆ. ಊರಿನ ಹುಡುಗರು ಯಾವ ದಿನ ಶಾಲೆ ತಪ್ಪಿಸಿದರು ಎಂಬುದೂ ಅದರಲ್ಲಿ ಬರೆದಿದೆ. ಆದರೆ ಅಷ್ಟು ದೊಡ್ಡ ಹಕ್ಕಿ ಊರನ್ನು ಬಿಟ್ಟು ಹೋದ ದಿನವನ್ನು ಯಾರೂ ಬರೆದಿಡಲಿಲ್ಲ.

ಅದಕ್ಕಾಗಿಯೇ ನಾನು ವಹಿಯ ಮಾತು ಎತ್ತಿದ್ದು.

ಚಳಿಗಾಲವೇ ಏಕೆ ಎಂದು ನೀವು ಕೇಳಬಹುದು. ಮಳೆಗಾಲದಲ್ಲಿ ಎರೆಕೆಸರು ಕಾಲು ಹಿಡಿಯುತ್ತದೆ. ಗೂಡುಗಳೂ ಇರುತ್ತವೆ, ತುಳಿಯುವ ಭಯ. ಬೇಸಿಗೆಯಲ್ಲಿ ನಮ್ಮ ಬಿಸಿಲು ಎಂಥದೆಂದು ನಿಮಗೇ ಗೊತ್ತು. ನವೆಂಬರದಿಂದ ಫೆಬ್ರವರಿವರೆಗೆ ಹವೆ ತಂಪು. ಹುಲ್ಲು ಒಣಗಿರುತ್ತದೆ, ದೂರದವರೆಗೆ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಆಗ ನಮ್ಮಲ್ಲಿಗೆ ಪರದೇಶದ ಅತಿಥಿಗಳು ಬರುತ್ತಾರೆ. ಉತ್ತರದ ದೇಶಗಳಲ್ಲಿ ಹಿಮ ಬಿದ್ದು ಆಹಾರ ಸಿಗದಂತಾದಾಗ ಸಾವಿರಾರು ಕಿಲೋಮೀಟರ್ ಹಾರಿ ಹಕ್ಕಿಗಳು ನಮ್ಮ ಮಡ್ಡಿಗೆ, ನಮ್ಮ ಕೆರೆಗೆ ಇಳಿಯುತ್ತವೆ.

ನವೆಂಬರದಲ್ಲಿ ಶುರು ಮಾಡಲು ಇನ್ನೊಂದು ಕಾರಣವೂ ಇದೆ. ಮಹಾರಾಷ್ಟ್ರದಲ್ಲಿ 2020ರಿಂದ ನವೆಂಬರ 5ರಿಂದ 12ರವರೆಗೆ ಪಕ್ಷಿ ಸಪ್ತಾಹ ಆಚರಿಸುತ್ತಾರೆ. 12ನೆಯ ತಾರೀಖು ಪ್ರಸಿದ್ಧ ಪಕ್ಷಿತಜ್ಞ ಡಾ. ಸಲೀಂ ಅಲಿಯವರು ಹುಟ್ಟಿದ ದಿನ. ಮಾಳಢೋಕವನ್ನು ರಾಷ್ಟ್ರಪಕ್ಷಿ ಮಾಡಬೇಕು ಎಂದು ಹೇಳಿದವರು ಅವರೇ. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. 5ನೆಯ ತಾರೀಖು ಯಾರದು? ಮಾರುತಿ ಚಿತಮಪಲ್ಲಿಯವರದು. ಅವರು 1932ರಲ್ಲಿ ನಮ್ಮ ಸೋಲಾಪುರದಲ್ಲಿಯೇ ಹುಟ್ಟಿದವರು. ಅರಣ್ಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಕಾಡಿನ ಬಗ್ಗೆ ಮರಾಠಿಯಲ್ಲಿ ಬಹಳ ಪುಸ್ತಕ ಬರೆದರು. ಹಕ್ಕಿಗಳ ಹೆಸರುಗಳನ್ನು ಕೂಡಿಸಿ ಪಕ್ಷಿಕೋಶವನ್ನೂ ಮಾಡಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ಜೂನದಲ್ಲಿ ಸೋಲಾಪುರದಲ್ಲಿಯೇ ತೀರಿಕೊಂಡರು. ಕಾಡಿನ ವಿದ್ಯೆಯನ್ನು ಅವರು ಕಾಡಿನ ಜನರಿಂದ ಕೇಳಿ ಕೇಳಿ ಕಲಿತವರು. ನಮ್ಮ ಕುರಿಯ ಅಜ್ಜನಂಥವರ ಮಾತನ್ನು ಬರೆದುಕೊಂಡವರು.

ಸರಿ, ಮಂಡಳದ ಮಕ್ಕಳು ಮಡ್ಡಿಗೆ ಹೋಗಿ ಏನು ಮಾಡಬೇಕು? ಹೆಚ್ಚಿನ ಹೊತ್ತು ಏನೂ ಮಾಡಬಾರದು! ಸುಮ್ಮನೆ ಕೂರಬೇಕು. ಇದು ನಿಮಗೆ ಕಷ್ಟ ಎಂದು ನನಗೆ ಗೊತ್ತು. ಮೊದಲ ದಿನ ನಮ್ಮ ಹುಡುಗರು ಐದು ನಿಮಿಷ ಕೂತರು. ಆಮೇಲೆ ಒಬ್ಬ ಕೆಮ್ಮಿದ, ಇನ್ನೊಬ್ಬ ನಕ್ಕ, ಮೂರನೆಯವ ಬುತ್ತಿ ಬಿಚ್ಚಿದ. ಒಂದು ಹಕ್ಕಿಯೂ ಕಾಣಲಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಅರ್ಧ ತಾಸು ಕೂರುವುದನ್ನು ಕಲಿತರು. ಆಗ ಮಡ್ಡಿ ತಾನಾಗಿ ಮಾತಾಡಲು ಶುರು ಮಾಡಿತು.

ಬೆಳಿಗ್ಗೆ ಬೇಗ ಹೋದರೆ ದಾರಿಯ ಧೂಳನ್ನೇ ಮೊದಲು ನೋಡಿರಿ. ರಾತ್ರಿ ಯಾರು ಹಾದು ಹೋದರು ಎಂಬುದು ಧೂಳಿನಲ್ಲಿ ಬರೆದಿರುತ್ತದೆ. ಜಿಂಕೆಯ ಗೊರಸು ಎರಡು ಸೀಳು. ನರಿಯ ಹೆಜ್ಜೆ ಸಣ್ಣದು, ಒಂದೇ ಸಾಲಿನಲ್ಲಿ ದಾರ ಹಿಡಿದಂತೆ ಹೋಗಿರುತ್ತದೆ. ತೋಳದ ಹೆಜ್ಜೆ ಹೆಚ್ಚು ಕಡಿಮೆ ದೊಡ್ಡ ನಾಯಿಯ ಹೆಜ್ಜೆಯಂತೆ ಇರುತ್ತದೆ. ಯಾವುದು ತೋಳ, ಯಾವುದು ನಾಯಿ ಎಂದು ನಮ್ಮಲ್ಲಿ ಒಮ್ಮೆ ದೊಡ್ಡ ವಾದವಾಯಿತು. ಅಜ್ಜ ಬಂದು ನೋಡಿ, "ಇದು ನಮ್ಮ ನಾಯಿನೇ" ಎಂದರು. ಎಲ್ಲರಿಗೂ ನಿರಾಸೆ. ವಹಿಯಲ್ಲಿ "ತೋಳ" ಎಂದು ಬರೆದಿದ್ದನ್ನು ಹೊಡೆದು "ನಾಯಿ" ಎಂದು ಬರೆದೆವು. ಹಾಗೆ ಹೊಡೆದು ಬರೆಯುವುದೂ ಕಲಿಕೆಯೇ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂಜೆಯ ಕೆಲಸ. ಚಳಿಗಾಲದಲ್ಲಿ ನಮ್ಮ ಮಡ್ಡಿಗೆ ಹ್ಯಾರಿಯರ್ ಎಂಬ ಗಿಡುಗಗಳು ಬರುತ್ತವೆ. ಕಜಾಕಸ್ತಾನದ ಕಡೆಯ ಹುಲ್ಲುಬಯಲಿನಿಂದ ಇಲ್ಲಿಯವರೆಗೆ! ನಮ್ಮ ಗಂಡು ಹ್ಯಾರಿಯರ್ ಬೂದು ಬಣ್ಣ, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಹಗಲೆಲ್ಲ ಹೊಲದ ಮೇಲೆ, ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತ ಬೇಟೆಯಾಡುತ್ತವೆ. ಹೊತ್ತು ಮುಳುಗುವಾಗ ಒಂದೊಂದಾಗಿ ಬಂದು ಹುಲ್ಲಿನೊಳಗೆ ನೆಲದ ಮೇಲೆ ಇಳಿಯುತ್ತವೆ. ಗಿಡುಗ ಮರದ ಮೇಲೆ ಮಲಗುತ್ತದೆ ಎಂದು ನೀವು ತಿಳಿದಿರಬಹುದು. ಇವು ಹುಲ್ಲಿನಲ್ಲಿ, ಹತ್ತಾರು ಒಟ್ಟಿಗೆ, ನೆಲದ ಮೇಲೆ ಮಲಗುತ್ತವೆ.

ನಾವು ದೂರದಲ್ಲಿ ಒಂದು ಬಂಡೆಯ ಹಿಂದೆ ಕಂಬಳಿ ಹೊದ್ದು ಕೂರುತ್ತಿದ್ದೆವು. ಒಬ್ಬಳು ಹುಡುಗಿ ಬರುವ ಹಕ್ಕಿಗಳನ್ನು ಎಣಿಸುವಳು, ಇನ್ನೊಬ್ಬ ಗೆರೆ ಎಳೆಯುವನು. ಐದಕ್ಕೊಮ್ಮೆ ಅಡ್ಡಗೆರೆ. ಕತ್ತಲಾಗುವವರೆಗೆ ಒಂದು ಮಾತೂ ಇಲ್ಲ. ಹುಲ್ಲಿನೊಳಗೆ ಯಾರೂ ಹೋಗಬಾರದು. ಮಲಗುವ ಜಾಗದಲ್ಲಿ ಒಮ್ಮೆ ಗದ್ದಲವಾದರೆ ಅವು ಆ ಜಾಗವನ್ನು ಬಿಟ್ಟುಬಿಡಬಹುದು.

ಮರುದಿನ ಹೊತ್ತೇರಿದ ಮೇಲೆ, ಹಕ್ಕಿಗಳೆಲ್ಲ ಹೋದ ಮೇಲೆ, ಹುಲ್ಲಿನ ಅಂಚಿನಲ್ಲಿ ಹುಡುಕಿದರೆ ಬೆರಳಿನಷ್ಟು ಉದ್ದದ ಒಣ ಉಂಡೆಗಳು ಸಿಗುತ್ತವೆ. ಅದು ಲದ್ದಿಯಲ್ಲ. ಅರಗದ ಭಾಗವನ್ನು ಗಿಡುಗ ಬಾಯಿಂದ ಉಗುಳಿದ್ದು. ನಾವು ಅದನ್ನು ಕಾಗದದ ಮೇಲೆ ಕಡ್ಡಿಯಿಂದ ಬಿಡಿಸಿದೆವು. ಒಳಗೆ ಏನಿತ್ತು ಹೇಳಿರಿ? ಮಿಡತೆಯ ಕಾಲು, ಮಿಡತೆಯ ದವಡೆ, ಮತ್ತೆ ಮಿಡತೆಯ ಕಾಲು! ಜೋಳ, ಕಡಲೆ ತಿನ್ನುವ ಮಿಡತೆಗಳು ಇವೇ. ಪರದೇಶದಿಂದ ಬಂದು ಕೂಲಿ ಕೇಳದೆ ನಮ್ಮ ಹೊಲ ಕಾಯುವ ಆಳು ಅದು. ಅದಕ್ಕೆ ಬೇಕಾದದ್ದು ರಾತ್ರಿ ಮಲಗಲು ಒಂದು ಹುಲ್ಲುಮಡ್ಡಿ. (ಉಂಡೆ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ನಮ್ಮವನೊಬ್ಬ ತೊಳೆಯದೆ ರೊಟ್ಟಿ ತಿನ್ನಲು ಕೂತಿದ್ದ.)

ಜನವರಿಯಲ್ಲಿ ಕೆರೆಯ ಸರದಿ. 1987ರಿಂದ ಏಷ್ಯಾದ ಹಲವು ದೇಶಗಳಲ್ಲಿ ಜನವರಿ ತಿಂಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ಸಂಬಳವಿಲ್ಲದೆ, ಪ್ರೀತಿಯಿಂದ ಎಣಿಸುವ ಸಾಮಾನ್ಯ ಜನರೇ ಇದನ್ನು ನಡೆಸುವುದು. ಸೋಲಾಪುರದ ಹತ್ತಿರದ ಹಿಪ್ಪರಗಾ ಕೆರೆಯಲ್ಲಿ, ಭೀಮಾ ನದಿಯ ಉಜನಿ ಜಲಾಶಯದಲ್ಲಿ ಚಳಿಗಾಲದಲ್ಲಿ ಬಾತುಗಳು ಇಳಿಯುತ್ತವೆ. ಸಲಿಕೆಯಂಥ ಕೊಕ್ಕಿನವು, ಸೂಜಿಯಂಥ ಬಾಲದವು. ಉಜನಿಯಲ್ಲಿ ಗುಲಾಬಿ ಬಣ್ಣದ ರಾಜಹಂಸಗಳೂ ಬರುತ್ತವೆ. ಇಂಥ ಗುಂಪನ್ನು ಎಣಿಸುವುದಕ್ಕೆ ಒಂದು ಉಪಾಯವಿದೆ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿನಲ್ಲಿ ಇಟ್ಟುಕೊಳ್ಳಿರಿ. ಅಂಥ ಜಾಗಗಳು ಎಷ್ಟಿವೆ ನೋಡಿ ಹತ್ತರ ಮಗ್ಗಿ ಹೇಳಿರಿ. ಗಣಿತ ಬೇಡವೆನ್ನುವ ಹುಡುಗರೂ ಕೆರೆಯ ದಂಡೆಯಲ್ಲಿ ಮಗ್ಗಿ ಹೇಳುತ್ತಾರೆ.

ಎಣಿಕೆಯ ವಿಷಯದಲ್ಲಿ ಒಂದು ಕಥೆ ಹೇಳಲೇಬೇಕು. ಒಂದು ಭಾನುವಾರ ನಮ್ಮ ಎರಡು ತಂಡ ಮಡ್ಡಿಯ ಎರಡು ಕಡೆ ಹೋದವು. ಒಂದು ತಂಡದ ಹುಡುಗ ಓಡಿ ಬಂದು "ಏಳು ಕೃಷ್ಣಮೃಗ!" ಎಂದ. ಇನ್ನೊಂದು ತಂಡದ ಹುಡುಗಿ ವಹಿ ತೋರಿಸಲು ನಾಚಿದಳು. ಅವಳು ಎರಡು ತಾಸು ಕೂತು ಬರೆದದ್ದು ಒಂದು ಸೊನ್ನೆ. ಎಲ್ಲರೂ ಹುಡುಗನಿಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎರಡು ದಿನದ ಮೇಲೆ ಹುಡುಗ ಬಂದು, "ಗುರುಜಿ, ನಾಲ್ಕೇ ಇದ್ದವು. ಮೂರು ನಾನೇ ಸೇರಿಸಿದೆ" ಎಂದ. ಅವನು ಒಪ್ಪಿಕೊಂಡಿದ್ದಕ್ಕೆ ನನಗೆ ಸಂತೋಷವಾಯಿತು. ಆದರೆ ಆ ಚಪ್ಪಾಳೆ ಯಾರಿಗೆ ಸಲ್ಲಬೇಕಿತ್ತು? ಸೊನ್ನೆ ಬರೆದ ಹುಡುಗಿಗೆ. ಹಕ್ಕಿ ಊರು ಬಿಟ್ಟು ಹೋದದ್ದು ನಮಗೆ ಗೊತ್ತಾಗುವುದೇ ಇಂಥ ಸೊನ್ನೆಗಳಿಂದ. ಮಾಳಢೋಕದ ಕಾಲದಲ್ಲಿ ನಮ್ಮ ಊರಿನಲ್ಲಿ ಒಬ್ಬರಾದರೂ ವರ್ಷ ವರ್ಷ ಬರೆದು, ಕೊನೆಗೆ ಒಂದು ಸೊನ್ನೆ ಬರೆದಿದ್ದರೆ, ಯಾರಾದರೂ ಎಚ್ಚರಗೊಳ್ಳುತ್ತಿದ್ದರೋ ಏನೋ.

"ಶಾಲೆಯ ಮಕ್ಕಳು ಬರೆದದ್ದನ್ನು ಯಾರು ಕೇಳುತ್ತಾರೆ?" ಎಂದು ದೊಡ್ಡವರು ನನ್ನನ್ನು ಕೇಳಿದ್ದಾರೆ. ಕೇಳುತ್ತಾರೆ. 2023ರಲ್ಲಿ ನಮ್ಮ ದೇಶದ ಹಕ್ಕಿಗಳ ಸ್ಥಿತಿಯ ಬಗ್ಗೆ ಒಂದು ವರದಿ ಬಂದಿತು. ಅದರಲ್ಲಿ 942 ಜಾತಿಯ ಹಕ್ಕಿಗಳನ್ನು ಪರೀಕ್ಷಿಸಿದ್ದಾರೆ. ಅದಕ್ಕೆ ಆಧಾರ ಯಾವುದು? ಸುಮಾರು 30 ಸಾವಿರ ಹಕ್ಕಿಪ್ರಿಯರು ಬರೆದು ಕಳಿಸಿದ ಸುಮಾರು 3 ಕೋಟಿ ದಾಖಲೆಗಳು. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ. ಹುಲ್ಲುನೆಲ, ಬಯಲುನೆಲದ ಹಕ್ಕಿಗಳು ಬಹಳ ಬೇಗ ಕಡಿಮೆಯಾಗುತ್ತಿವೆ ಎಂದು ಆ ದಾಖಲೆಗಳಿಂದಲೇ ಗೊತ್ತಾಯಿತು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನ ಎಲ್ಲ ಕಡೆ ಮನೆಯಂಗಳದ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿ ಸೇರಿದೆ. ಹದಿನೈದು ನಿಮಿಷ ಎಣಿಸಿದರೂ ಸಾಕು. ಗುರುಜಿಯವರ ಇಲ್ಲವೆ ಬಾಯಿಯವರ ಸಹಾಯದಿಂದ ನೀವೂ ಕಳಿಸಬಹುದು.

ಹಾಗಾದರೆ ಕೈಯಿಂದ ಮಾಡುವ ಕೆಲಸ ಬೇಡವೇ? ಬೇಕು. ಸಂಕ್ರಾಂತಿ ಮುಗಿದ ಮರುದಿನ ನೋಡಿರಿ. ಜಾಲಿಗಿಡಗಳಲ್ಲಿ, ತಂತಿಗಳಲ್ಲಿ ಗಾಳಿಪಟದ ದಾರ ಜೋತಾಡುತ್ತಿರುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಆದರೂ ಕದ್ದು ಮಾರುತ್ತಾರೆ, ನಾವು ಕೊಳ್ಳುತ್ತೇವೆ. ಆ ದಾರ ಕೊಳೆಯುವುದಿಲ್ಲ, ಹರಿಯುವುದಿಲ್ಲ. ಹಕ್ಕಿಯ ರೆಕ್ಕೆಯನ್ನು ಕತ್ತಿಯಂತೆ ಸೀಳುತ್ತದೆ. ಅದರಿಂದ ಮನುಷ್ಯರೂ ಸತ್ತಿದ್ದಾರೆ. ಕೈಗೆ ಸಿಗುವಷ್ಟು ಎತ್ತರದ ದಾರವನ್ನು ಬಿಡಿಸಿ, ಸಣ್ಣ ತುಂಡು ಮಾಡಿ, ಚೀಲದಲ್ಲಿ ತುಂಬಿರಿ. ವಿದ್ಯುತ್ ತಂತಿಯ ಹತ್ತಿರ ಮಾತ್ರ ಹೋಗಲೇಬೇಡಿರಿ. ಅದಕ್ಕಿಂತ ಒಳ್ಳೆಯದೆಂದರೆ, ಅಂಗಡಿಯಲ್ಲಿ ನೂಲಿನ ದಾರವನ್ನೇ ಕೇಳಿ ಕೊಳ್ಳುವುದು. ಪಟ ಬಿಟ್ಟುಬಿಡಿರಿ ಎಂದು ನಾನು ಹೇಳುವುದಿಲ್ಲ. ಚಳಿಗಾಲದ ಆಟವೇ ಅದು.

ಸೀತನಿ ತಿನ್ನಲು ಹೊಲಕ್ಕೆ ಹೋಗುವುದೂ ಈ ದಿನಗಳಲ್ಲಿಯೇ. ಕುಳ್ಳಿನ ಬೆಂಕಿಯಲ್ಲಿ ಸುಟ್ಟ ಎಳೆ ಜೋಳದ ತೆನೆ, ಶೇಂಗಾ ಹಿಂಡಿ, ಬೆಲ್ಲ. ಬಾಯಲ್ಲಿ ನೀರು ಬಂತೇ? ತಿಂದು ಏಳುವಾಗ ಬೆಂಕಿಯ ಮೇಲೆ ನೀರು, ಮಣ್ಣು ಹಾಕಿರಿ. ಒಂದು ಕಿಡಿ ಗಾಳಿಗೆ ಹಾರಿದರೆ ಒಣ ಮಡ್ಡಿ ಒಂದು ತಾಸಿನಲ್ಲಿ ಕರಿಯಾಗುತ್ತದೆ. ಹುಲ್ಲು ಮುಂದಿನ ಮಳೆಗೆ ಚಿಗುರಬಹುದು. ಆದರೆ ಅಲ್ಲಿಯವರೆಗೆ ಕುರಿಗೂ ಮೇವಿಲ್ಲ, ಹ್ಯಾರಿಯರಿಗೂ ಹಾಸಿಗೆಯಿಲ್ಲ. ಬೆಂಕಿ ಕಂಡರೆ ನೀವು ಆರಿಸಲು ಓಡಬೇಡಿರಿ. ದೊಡ್ಡವರನ್ನು ಕರೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿಸಿರಿ.

ಎಳ್ಳಮಾವಾಸ್ಯೆಗೆ ನಮ್ಮ ಹಿರಿಯರು ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಭೂಮಿಗೆ ಎಂದು ಚೆಲ್ಲಿದ ಆ ಅನ್ನವನ್ನು ತಿನ್ನುವವರು ಯಾರು? ಇರುವೆ, ಗುಬ್ಬಿ, ಕಾಗೆ, ಇಲಿ. ಹೊಲದಲ್ಲಿ ಅವರದೂ ಪಾಲಿದೆ ಎಂದು ನಮ್ಮವರು ಎಂದೋ ಒಪ್ಪಿದ್ದಾರೆ. ಮಡ್ಡಿಯಲ್ಲಿ ಅವರ ಪಾಲು ಇನ್ನೂ ಹೆಚ್ಚು ಎಂದು ನಾನು ಹೇಳಿದರೆ ಹೆಚ್ಚೇನೂ ಆಗಲಿಕ್ಕಿಲ್ಲ.

ನಾನು ಗಿಡಗಳ ವೈರಿಯಲ್ಲ. ಶಾಲೆಯ ಅಂಗಳದಲ್ಲಿ ಬೇವು ಹಚ್ಚಿರಿ. ರಸ್ತೆಯ ಬದಿಗೆ ಆಲ, ಅರಳಿ ಹಚ್ಚಿರಿ. ಹೊಲದ ಬದುವಿನಲ್ಲಿ ಹಚ್ಚಿರಿ. ಹಚ್ಚಿದ ಮೇಲೆ ಮೂರು ಬೇಸಿಗೆ ನೀರು ಹಾಕಿರಿ. ಹುಲ್ಲು ಇರುವ ಕಡೆ ಹುಲ್ಲನ್ನು ಇರಗೊಡಿರಿ. ಅದರ ಬೇರು ಮಣ್ಣನ್ನು ಹಿಡಿದಿಟ್ಟಿದೆ, ಬಿದ್ದ ಮಳೆಯನ್ನು ಇಂಗಿಸುತ್ತದೆ.

ಒಮ್ಮೆ ಒಬ್ಬ ತಾಯಿ ಶಾಲೆಗೆ ಬಂದು ನನ್ನ ಮೇಲೆ ಸಿಟ್ಟಾದರು. "ಗುರೂಜಿ, ಇಂಥಾ ಥಂಡ್ಯಾಗ ಹುಡುಗಿನ್ನ ಎಬ್ಬಿಸಿ ಹುಲ್ಲು ನೋಡಾಕ ಕರಕೊಂಡ ಹೋಗತೀರಿ. ಪರೀಕ್ಷಾದಾಗ ಹುಲ್ಲು ಕೇಳತಾರೇನು?" ಎಂದರು. ಅವರ ಮಾತಿನಲ್ಲಿಯೂ ಸತ್ಯವಿತ್ತು. ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. "ತಾಯೀ, ನೀವೂ ಒಂದ ದಿನ ಬರ್ರಿ" ಎಂದೆ. ಬಂದರು. ದಾರಿಯುದ್ದಕ್ಕೂ ಇದು ಕುರಿಗೆ ಆಗುವ ಹುಲ್ಲು, ಇದು ಎಮ್ಮೆ ತಿನ್ನುವುದಿಲ್ಲ, ಇದನ್ನು ಬಾಣಂತಿಗೆ ಕೊಡುತ್ತಾರೆ ಎಂದು ಹೇಳುತ್ತಲೇ ಹೋದರು. ಮಗಳು ಬೆರಗಾಗಿ ಬರೆದುಕೊಂಡಳು. ಅಂದಿನ ಪುಟದಲ್ಲಿ ಹಕ್ಕಿಗಳಿಗಿಂತ ಹುಲ್ಲಿನ ಹೆಸರುಗಳೇ ಹೆಚ್ಚು.

ಈ ಚಳಿಗಾಲ ನಿಮ್ಮ ಶಾಲೆಯಲ್ಲಿ ಮಂಡಳ ಶುರುವಾದರೆ ಇಷ್ಟು ನೆನಪಿಡಿರಿ. ಒಬ್ಬರೇ ಹೋಗಬೇಡಿರಿ, ಗುರುಜಿಯವರ ಜೊತೆ ಹೋಗಿರಿ. ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಪರವಾನಿಗೆ ಬೇಕು. ಕಾಲಿಗೆ ಬೂಟು, ಮೈಗೆ ಮಣ್ಣಿನ ಬಣ್ಣದ ಬಟ್ಟೆ. ಪೆನ್ನು ಬೇಡ, ಪೆನ್ಸಿಲ್ ಒಯ್ಯಿರಿ, ಇಬ್ಬನಿಗೆ ಶಾಯಿ ಕಲೆಸಿಹೋಗುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿರಿ, ಅದು ಮೋಸ. ಪ್ರತಿ ವರ್ಷ ಅದೇ ಜಾಗ, ಅದೇ ತಿಂಗಳು, ಅದೇ ಹೊತ್ತು. ತಾರೀಖು ಬರೆಯುವುದನ್ನು ಮರೆಯಬೇಡಿರಿ.

ನಮ್ಮ ಶಾಲೆಯ ವಹಿ ಈಗ ದಪ್ಪವಾಗಿದೆ. ಮೊದಲ ಪುಟ ಬರೆದ ಹುಡುಗಿಗೆ ಈಗ ಮದುವೆಯಾಗಿ ಮಗುವಿದೆ. ಕುರಿಯ ಅಜ್ಜ ತೀರಿಕೊಂಡರು, ಅವರ ಮೊಮ್ಮಗ ಮಂಡಳದಲ್ಲಿದ್ದಾನೆ. ನಾವು ತೋಡಿದ ನೂರು ಗುಂಡಿಗಳಲ್ಲಿ ಹೆಚ್ಚಿನವು ಮಣ್ಣು ತುಂಬಿ, ಹುಲ್ಲು ಬೆಳೆದು ಮುಚ್ಚಿಹೋಗಿವೆ. ಕಳೆದ ಡಿಸೆಂಬರದಲ್ಲಿ ಮಕ್ಕಳು ಹೋಗಿ ಹುಡುಕಿದರು. ಹನ್ನೆರಡು ಗುಂಡಿಗಳು ಕಂಡವು. ಅದನ್ನೂ ವಹಿಯಲ್ಲಿ ಬರೆದಿದ್ದಾರೆ.